ಕೊನೆಗೆ ಜಾಲಿಸಿದ ನೀರು

ಲಾಂಡ್ರಿಯವಳು ತೊಟ್ಟಿಯೊಳಗೆ ಕೈಯಿಟ್ಟು ನೋಡಿದಳು. ಬಟ್ಟೆಗಳನ್ನು ಕೊನೆಯ ಸಲ ಜಾಲಿಸಿದ ನೀರು. ಸೋಪಿನ ಜಾರು ಹೆಸರಿಗೂ ಇರಲಿಲ್ಲ. ಇಂಥ ನೀರನ್ನು ಚರಂಡಿಗೆ ಬಿಡುವಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಅಂಗಳದ ಬೋರ್‌ವೆಲ್ ಏದುಸಿರು ಬಿಡುತ್ತಿತ್ತು. ಇನ್ನೂ ಆಳಕ್ಕೆ ಕೊರೆಸೋಣವೆಂದು ಗಂಡ, ಹಾಗೆ ಮಾಡಿದರೆ ಬೀದಿಯವರೆಲ್ಲ ಕುಡಿಯುವ ಬಾವಿ ಬತ್ತುತ್ತದೆಂದು ಇವಳು.

"ಲಾಡ್ಜ್‌ನವರ ಬಟ್ಟೆ ಕೈ ತಪ್ಪಿದ್ರೆ ಹೊಟ್ಟೆಗೇನು ಮಾಡೋಣ? ಊರ ಉಸಾಬರಿ ನಮಗ್ಯಾಕೆ?" ಎಂದ ಅವನು. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ.

"ಜಾಗ ನಮ್ಮದೇ ಸರಿ. ನೆಲದಡಿ ನೀರಿಗೆ ಬೇಲಿ ಹಾಕೋಕಾಗುತ್ತಾ? ಸ್ವಲ್ಪ ದಿನ ತಡೀರಿ, ಇರೋದ್ರಲ್ಲೇ ತೂಗಿಸ್ತೀನಿ."

ಅಂದಿನಿಂದ ಒಂದು ಗಂಟು ಬಟ್ಟೆಯ ಕೊನೆಯ ನೀರು ಮುಂದಿನ ಗಂಟನ್ನು ನೆನೆಹಾಕಲು ಹೋಯಿತು. ಮೋಟರು ಓಡುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಹೆಂಗಸಿನ ಬುದ್ಧಿಯನ್ನು ಮೆಚ್ಚಲೇಬೇಕು. ಆದರೆ ಒಂದು ಬೆಳಿಗ್ಗೆ ಅವಸರದಲ್ಲಿ ಎಡವಟ್ಟಾಯಿತು. ಹೊಸ ಜೀನ್ಸ್ ಪ್ಯಾಂಟುಗಳನ್ನು ಜಾಲಿಸಿದ ನೀರಿಗೇ ಲಾಡ್ಜ್‌ನ ಬಿಳಿ ಹಾಸಿಗೆ ಬಟ್ಟೆಗಳನ್ನು ಅದ್ದಿಬಿಟ್ಟಳು. ಎಲ್ಲವೂ ನೀಲಿ!

ಗಂಡ ಬಾಯಿಗೆ ಬಂದಂತೆ ಬೈದ. ಅವಳ ಕಣ್ಣು ತುಂಬಿ ಬಂತು. ಬಣ್ಣ ಬಿಡಿಸಲು ರಾಶಿ ನೀರು ಬೇಕು. ಬೋರ್‌ವೆಲ್ ಆಗಲೇ ಕೈಯೆತ್ತಿತ್ತು.

ಗೋಡೆಯಾಚೆ ಎಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ಟೈಲರಮ್ಮ ತುಂಬಿದ ಕೊಡ ಹೊತ್ತು ಬಂದಳು. ಅವಳ ಬೆನ್ನಿಗೇ ಬೀದಿಯ ಇನ್ನಷ್ಟು ಹೆಂಗಸರು, ಸೊಂಟದಲ್ಲಿ ಬಾವಿಯ ನೀರಿನ ಕೊಡಗಳು.

"ಬೇಡ ಅಕ್ಕಾ, ಕುಡಿಯೋ ನೀರು" ಎಂದಳು ಲಾಂಡ್ರಿಯವಳು.

"ಸುಮ್ನಿರೇ. ನಮ್ಮ ಬಾವಿ ಉಳೀಲಿ ಅಂತ ನೀನು ದಿನಾ ಮನೇಲಿ ಜಗಳ ಕಾಯ್ತೀಯ. ನಾವು ಒಂದು ಕೊಡ ಕೊಡಬಾರದಾ?"

ಗಂಡ ಅಲ್ಲೇ ನಿಂತಿದ್ದ. ಅವನಿಗೆ ನಾಚಿಕೆಯಾಯಿತು. ಮುಂದೆ ಬಂದು ಟೈಲರಮ್ಮನ ಸೊಂಟದಿಂದ ಕೊಡ ಇಳಿಸಿಕೊಂಡ.

ಮರುದಿನದಿಂದ ಬಟ್ಟೆ ಬೇರ್ಪಡಿಸುವ ಕೆಲಸ ಅವನದೇ ಆಯಿತು: ಮೊದಲು ಬಿಳಿ, ಆಮೇಲೆ ತಿಳಿಬಣ್ಣ, ಕಡೆಗೆ ಗಾಢ ಬಣ್ಣ. ಆ ಕಡೆಯ ನೀರು ನೆಲ ತೊಳೆಯುವುದಕ್ಕೆ.

ಬೆಳ್ಳಗಾದ ಬಟ್ಟೆಯನ್ನು ಗಂಡಹೆಂಡತಿ ಲಾಡ್ಜ್‌ಗೆ ಹೊತ್ತೊಯ್ದಾಗ ಮ್ಯಾನೇಜರು ತಡವಾಯಿತೆಂದು ಗೊಣಗಿದ. ನೀರು ಸಾಲದಿದ್ದರೆ ಬೋರನ್ನು ಇನ್ನೂ ಆಳಕ್ಕೆ ಯಾವಾಗ ಕೊರೆಸುತ್ತೀರಿ ಎಂದು ಕೇಳಿದ. ಹೆಂಡತಿ ಗಂಡನತ್ತ ತಿರುಗಿದಳು.

"ಕೊರೆಸಲ್ಲ ಸಾರ್" ಎಂದ ಗಂಡ. "ನಿಮಗೆ ಬಟ್ಟೆ ಒಗೆಸೋಕೆ ಬೇರೆ ಲಾಂಡ್ರಿ ಸಿಗುತ್ತೆ. ನಮ್ಮ ಬೀದಿಯವರಿಗೆ ಕುಡಿಯೋಕೆ ಬೇರೆ ಬಾವಿ ಇಲ್ಲ."