ಬಿಚ್ಚಿ ನೋಡಬೇಡಿ

ರವಿಕೆಯ ತೋಳು ಸೂಜಿಯ ಕೆಳಗೆ ಅರ್ಧ ತಿರುಗಿದ್ದಾಗ ಫೋನು ಟಿಣ್ ಎಂದಿತು. ರಹೀಮಾ ಪೆಡಲಿನಿಂದ ಕಾಲು ತೆಗೆಯದೆ ಕಣ್ಣು ಮಾತ್ರ ಅತ್ತ ಹಾಯಿಸಿದಳು. ಮತ್ತೆ ಅದೇ ಹೆಸರಿಲ್ಲದ ನಂಬರು, ಅದೇ ಒಕ್ಕಣೆ.

"ನಮಸ್ಕಾರ. ನಾನು ಹೊಸಬ. ನಿನ್ನೆ ಒಂದು ಸೀತಾಳೆ ದಂಡೆಯನ್ನು ಹಲಸಿನ ಮರಕ್ಕೆ ಕಟ್ಟಿದ್ದೇನೆ. ಇನ್ನೂ ಬೇರು ಹಿಡಿದಿಲ್ಲ. ಇದು ಬದುಕಿದೆಯೇ? ದಯವಿಟ್ಟು ತಿಳಿಸಿ."

ಜೊತೆಗೊಂದು ಫೋಟೋ. ಅಂಗೈ ಮೇಲೆ ಮಲಗಿದ ಗಿಡ, ಬೆರಳ ಸಂದಿಯಲ್ಲಿ ಜೋಲುವ ಬಟ್ಟೆಯ ಪಟ್ಟಿ. ಅಂದರೆ ಕಟ್ಟಿದ್ದನ್ನು ಬಿಚ್ಚಿಯಾಗಿದೆ. ಗಿಡ ಮೊದಲ ದಿನಕ್ಕಿಂತ ಸೊರಗಿತ್ತು, ಎಲೆಗಳು ಮಡಚಿಕೊಂಡಿದ್ದವು.

ಎರಡು ವಾರದಿಂದ ದಿನ ಬೆಳಗಾದರೆ ಇದೇ ಪ್ರಶ್ನೆ. ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು, "ಸಾರ್, ನಿಮ್ಮ ನಿನ್ನೆ ಯಾವತ್ತು ಮುಗೀತದೆ?" ಎಂದು ಕೇಳಿದರು. ಅದಕ್ಕೆ ನಾಲ್ಕಾರು ಜನ ಹಲ್ಲು ಕಿರಿದರು. ರಹೀಮಾ "ಮೇಲೆ ಪಿನ್ ಮಾಡಿದ್ದನ್ನು ಓದಿ" ಎಂದು ಎಂದಿನಂತೆ ಒತ್ತಿ, ತೋಳಿನ ಹೊಲಿಗೆ ಮುಗಿಸಿದಳು.

ಗುಂಪಿನ ಹೆಸರು 'ಬಿದ್ದ ಸೀತಾಳೆ ಬಳಗ'. ಮೂಡಿಗೆರೆ, ಕಳಸದ ಕಡೆ ಮಳೆಗೆ ಮುಂಚೆ ಕಾಫಿ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ನೆರಳಿನ ಮರಗಳ ಕೊಂಬೆ ಸವರುತ್ತಾರೆ. ಕೊಂಬೆಯ ಜೊತೆಗೆ ಅದನ್ನೇ ನೆಚ್ಚಿಕೊಂಡಿದ್ದ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವೂ ನೆಲಕ್ಕೆ ಬೀಳುತ್ತದೆ. ಯಾರೂ ಎತ್ತದಿದ್ದರೆ ದರಗೆಲೆಗಳ ಜೊತೆ ಕೊಳೆತು ಹೋಗುತ್ತದೆ. ಅದನ್ನು ಎತ್ತಿ ತಂದು ಇನ್ನೊಂದು ಮರಕ್ಕೆ ಕಟ್ಟಿ, ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ನೇರಳೆ ಬಣ್ಣದ ಹೂದಂಡೆ ಇಳಿಬಿದ್ದಾಗ ಫೋಟೋ ಹಾಕಿ ಬೀಗುವುದು ಈ ಬಳಗದವರ ಹುಚ್ಚು. ಕಾಸಿಲ್ಲದ ಹುಚ್ಚು, ಯಾರಿಗೂ ತೊಂದರೆಯೂ ಇಲ್ಲ.

ಹೊಸಬರು ಮಾತ್ರ ತಲೆ ತಿನ್ನುತ್ತಿದ್ದರು. ನೀರೆಷ್ಟು, ಗೊಬ್ಬರ ಯಾವುದು, ಹೂ ಯಾವಾಗ? ಎಲ್ಲರೂ ಮಾಡುವ ತಪ್ಪೂ ಒಂದೇ. ಕಟ್ಟಿದ ಗಿಡ ಬೇರು ಹಿಡಿಯಿತೋ ಇಲ್ಲವೋ ಎಂಬ ಕಾತರ ತಡೆಯಲಾರದೆ ಬಿಚ್ಚಿ ನೋಡುತ್ತಾರೆ. ಆಗಷ್ಟೇ ತೊಗಟೆಗೆ ಅಂಟತೊಡಗಿದ ಬೇರು ಕಿತ್ತುಬರುತ್ತದೆ. ಮತ್ತೆ ಕಟ್ಟುತ್ತಾರೆ, ಮತ್ತೆ ಬಿಚ್ಚುತ್ತಾರೆ, ಆಮೇಲೆ ಗಿಡ ಸತ್ತಿತೆಂದು ಗುಂಪಿಗೆ ಬಂದು ಅಳುತ್ತಾರೆ.

ಮೊದಲೆಲ್ಲ ಇಂಥವರಿಗೆ ಓಂಕಾರಮೂರ್ತಿಯವರ ದನಿಯಲ್ಲಿದ್ದ ಒಂದು ಸಂದೇಶವನ್ನು ಕಳಿಸುತ್ತಿದ್ದರು. ಗುಂಪು ಕಟ್ಟಿದವರೇ ಅವರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ನಿವೃತ್ತರಾದವರು. ಒಂದು ದಿನ ರಹೀಮಾಳ ಟೈಲರ್ ಅಂಗಡಿಗೆ ಬಂದು, "ಎಸೆಯೋ ಹತ್ತಿ ಬಟ್ಟೆ ಚೂರು ಇದ್ರೆ ಕೊಡಿಯಮ್ಮ, ಗಿಡಕ್ಕೆ ಬ್ಯಾಂಡೇಜು ಕಟ್ಬೇಕು" ಎಂದಿದ್ದರು. ಗಂಡ ತೀರಿಕೊಂಡು ಮಾತೇ ಬೇಡವಾಗಿದ್ದ ದಿನಗಳಲ್ಲಿ ರಹೀಮಾ ನಕ್ಕಿದ್ದು ಅದೇ ಮೊದಲು. ಬಟ್ಟೆ ಕೊಟ್ಟವಳು ಕೊನೆಗೆ ಗಿಡವನ್ನೂ ಕಟ್ಟಿದಳು, ಗುಂಪಿನ ಅಡ್ಮಿನ್ನೂ ಆದಳು. ಅವಳೂ ಬಿಚ್ಚಿ ನೋಡಿದ್ದಳು. ಎಷ್ಟೋ ಸಲ ಅದನ್ನೇ ಕೇಳಿದ್ದಳು. ಅವರು ಒಂದು ಸಲವೂ ದನಿ ಏರಿಸಿರಲಿಲ್ಲ.

ಬಳಗ ದೊಡ್ಡದಾದ ಮೇಲೆ ಇನ್ನೊಬ್ಬ ಅಡ್ಮಿನ್ ಪ್ರಸಾದ್ ಎಲ್ಲ ಉತ್ತರವನ್ನೂ ಬರೆದು ಮೇಲಕ್ಕೆ ಪಿನ್ ಮಾಡಿದ. ದೇವರಮನೆ ದಾರಿಯಲ್ಲಿ ಹೋಮ್‌ಸ್ಟೇ ನಡೆಸುವವನು. ಅವನಿಗೆ ಎಲ್ಲವೂ ಒಂದು ಶಿಸ್ತಿನಲ್ಲಿ ಇರಬೇಕು. ಕೇಳಿದ್ದನ್ನೇ ಕೇಳುವವರನ್ನು ತೆಗೆಯುವುದು ಎಂಬ ನಿಯಮವನ್ನೂ ಮಾಡಿದ. ರಹೀಮಾ ಒಪ್ಪಿದ್ದಳು. ಆಮೇಲೆ ಓಂಕಾರಮೂರ್ತಿಯವರ ನಂಬರು ಸದ್ದಿಲ್ಲದಾಯಿತು. ನಿಯಮ ಹಿಡಿಸದೆ ದೂರವಾದರೆಂದು ಎಲ್ಲರೂ ಅಂದುಕೊಂಡರು. ರಹೀಮಾ ಒಂದೆರಡು ಸಲ ಫೋನು ಮಾಡಿದಳು, ಸ್ವಿಚ್ಡ್ ಆಫ್. ಅವರ ಮನೆ ಬಣಕಲ್‌ನಲ್ಲಿ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮದುವೆ ಸೀಸನ್ನಿನ ಹೊಲಿಗೆ ಮುಗಿಯಲಿ ಎಂದುಕೊಂಡವಳು ಕೊನೆಗೂ ಹೋಗಲಿಲ್ಲ.

ಮಧ್ಯಾಹ್ನ ಪ್ರಸಾದ್ ಫೋನು ಮಾಡಿದ. "ಅಕ್ಕಾ, ಆ ಹೊಸಬ ಅನ್ನೋ ಮನುಷ್ಯನ್ನ ತೆಗೀತಿದ್ದೀನಿ. ಬೇಕಂತ್ಲೇ ಆಟ ಆಡ್ತಿದ್ದಾನೆ."

"ತೆಗಿ ಮಾರಾಯ, ನಂಗೂ ಸಾಕಾಗಿದೆ," ಎಂದಳು ರಹೀಮಾ.

ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ಅವಳೊಬ್ಬಳಿಗೇ ಒಂದು ಧ್ವನಿಸಂದೇಶ ಬಂತು. ಬೈಗುಳವೇ ಇರಬೇಕು ಎಂದುಕೊಳ್ಳುತ್ತ ಒತ್ತಿದಳು.

"ಅಮ್ಮಾ, ನಮಸ್ಕಾರ. ತೊಂದ್ರೆ ಕೊಡ್ತಿದ್ದೀನಿ. ನನ್ನನ್ನ ಗುಂಪಿಂದ ತೆಗ್ದುಬಿಟ್ಟಿದ್ದಾರೆ. ಏನು ತಪ್ಪು ಮಾಡ್ದೆ ಅಂತ ಗೊತ್ತಾಗ್ಲಿಲ್ಲ. ನಾನು ಇವತ್ತೇ ಸೇರಿದ್ದು. ನೀವೊಬ್ರು ಉತ್ರ ಕೊಟ್ಟಿದ್ರಿ, ಅದ್ಕೇ ನಿಮ್ಮನ್ನೇ ಕೇಳ್ತಿದ್ದೀನಿ. ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

ರಹೀಮಾ ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಎಷ್ಟು ಹೊಸಬರಿಗೆ ಅವಳು ಆ ದನಿಯನ್ನು ಕಳಿಸಿದ್ದಳೋ ಲೆಕ್ಕವಿಲ್ಲ. ಮಾತಿನ ನಡುವೆ ಉಸಿರೆಳೆದುಕೊಳ್ಳುವ ಆ ನಿಧಾನ ಬೇರೆ ಯಾರದ್ದೂ ಆಗಿರಲು ಸಾಧ್ಯವಿರಲಿಲ್ಲ. ಅವಳು ಅಂಗಡಿಯ ಬಾಗಿಲೆಳೆದು ಬಣಕಲ್ ಬಸ್ಸು ಹತ್ತಿದಳು.

ಓಂಕಾರಮೂರ್ತಿ ಅಂಗಳದ ಹಲಸಿನ ಮರದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಎಲ್ಲ ಹಿಂದಿನಂತೆಯೇ. ರಹೀಮಾಳನ್ನು ನೋಡಿ ಎದ್ದು ನಿಂತು ಕೈಮುಗಿದರು.

"ಬನ್ನಿ ಬನ್ನಿ. ಯಾರಮ್ಮ ನೀವು?"

"ಸೀತಾಳೆ ಗುಂಪಿನವ್ಳು ಸಾರ್. ರಹೀಮಾ."

"ಹೌದಾ! ನಾನೂ ಹೊಸದಾಗಿ ಶುರು ಮಾಡಿದ್ದೀನಿ ಮಾರಾಯ್ತಿ. ನೋಡಿ, ನಿನ್ನೆ ಕಟ್ಟಿದ್ದು." ಅವರು ಕಾಂಡದ ಮೇಲಿನ ಬಟ್ಟೆಯ ಗಂಟಿಗೆ ಕೈ ಹಾಕಿದರು. ರಹೀಮಾ "ಬೇಡ ಸಾರ್" ಎನ್ನುವಷ್ಟರಲ್ಲಿ ಗಂಟು ಬಿಚ್ಚಿಕೊಂಡು ಗಿಡ ಅವರ ಕೈಗೆ ಬಂದಿತ್ತು. ಬೇರುಗಳನ್ನು ಕನ್ನಡಕದ ಹತ್ತಿರ ತಂದು ನೋಡಿ, "ಹಿಡ್ದಿಲ್ಲ," ಎಂದರು. ಮುಖ ಬಾಡಿತು. "ನನ್ನ ಕೈಗುಣನೇ ಸರಿ ಇಲ್ವೋ ಏನೋ."

ಅದೇ ಕಾಂಡದಲ್ಲಿ, ಕೈಗೆಟುಕದ ಎತ್ತರದಲ್ಲಿ, ಇನ್ನೊಂದು ಸೀತಾಳೆಯ ದೊಡ್ಡ ಹಿಂಡು ಕವಲನ್ನೇ ತಬ್ಬಿಕೊಂಡಿತ್ತು. ಹೂದಂಡೆಗಳು ಸಾಲಾಗಿ ಇಳಿಬಿದ್ದಿದ್ದವು. ಏಣಿ ಹತ್ತಿ ಇವರೇ ಅದನ್ನು ಕಟ್ಟಿದ್ದು. ಕೆಳಗೆ ನಿಂತು ಹಸಿರು ಚೌಕುಳಿಯ ಬಟ್ಟೆಯ ಪಟ್ಟಿ ಎತ್ತಿಕೊಟ್ಟವಳು ರಹೀಮಾ. ಬಟ್ಟೆ ಎಂದೋ ಕೊಳೆತು ಉದುರಿಹೋಗಿ, ಕಟ್ಟಿದ ಗುರುತೇ ಉಳಿದಿರಲಿಲ್ಲ.

"ಅದು ಯಾರು ಕಟ್ಟಿದ್ದು ಸಾರ್?" ಅವಳು ಮೇಲೆ ಬೆರಳು ಮಾಡಿದಳು.

ಅವರು ತಲೆಯೆತ್ತಿ ಬಹಳ ಹೊತ್ತು ನೋಡಿದರು. "ಅದಾ? ಯಾರೂ ಕಟ್ಟಿಲ್ಲಮ್ಮ. ತಾನಾಗಿ ಬಂದಿದ್ದು."

ಒಳಗಿಂದ ಕಾಫಿ ತಂದ ಮಗಳು ಪವಿತ್ರಾ ಅಪ್ಪನ ಕೈಗೆ ಲೋಟ ಕೊಟ್ಟು, ರಹೀಮಾಳನ್ನು ಅಡುಗೆಮನೆಗೆ ಕರೆದಳು. ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಮಕ್ಕಳಿಗೆ ಹೇಳಿ ಹೇಳಿ ಅವಳ ದನಿಗೂ ಅಪ್ಪನ ನಿಧಾನವೇ ಬಂದಿತ್ತು.

"ಹೋದ ವರ್ಷದಿಂದ ಹೀಗೆ ಅಕ್ಕಾ. ಕಳಸದ ಬಸ್ಸಲ್ಲಿ ಫೋನು ಬಿಟ್ಟು ಬಂದ್ರು. ಆಮೇಲೆ ಒಂದೊಂದೇ ಮರ್ತು ಹೋಯ್ತು. ಗುಂಪಿಗೆ ನಾನೇ ಸೇರ್ಸಿದ್ದು, ಹೊಸ ನಂಬರಲ್ಲಿ. ಹಳೇ ಜನರ ಮಾತು ನೋಡಿದ್ರೆ ಏನಾದ್ರೂ ನೆನಪು ಬರ್ತದೇನೋ ಅಂತ."

"ನನ್ಗೊಂದು ಮಾತು ಹೇಳ್ಬಾರ್ದಿತ್ತಾ? ಎಲ್ರೂ ತಮಾಷೆ ಮಾಡಿದ್ರಲ್ಲ. ನಾನೂ..."

"ತಮಾಷೆ ಅವ್ರಿಗೆ ಗೊತ್ತಾಗಲ್ಲ. ಗೊತ್ತಾದ್ರೂ ನಾಳೆಗೆ ಇರಲ್ಲ. ಬೆಳಿಗ್ಗೆ ಎದ್ದು ಗಿಡ ಬಿಚ್ತಾರೆ, ಫೋಟೋ ತೆಗೀತಾರೆ, ಬರೀತಾರೆ. ಯಾರಾದ್ರೂ ಉತ್ರ ಕೊಟ್ರಾ ಅಂತ ಸಂಜೆವರೆಗೂ ಫೋನ್ ಹಿಡ್ಕೊಂಡು ಕೂತಿರ್ತಾರೆ. ಅವ್ರಿಗೆ ಇರೋ ಕೆಲ್ಸ ಅದೊಂದೇ ಅಕ್ಕಾ, ಅದೂ ಹೋದ್ರೆ..." ಪವಿತ್ರಾ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಯಾರು ಅಂತ ಮಾತ್ರ ಹೇಳ್ಬೇಡಿ. ಆ ಗುಂಪಲ್ಲಿ ಎಲ್ರೂ ಅವ್ರನ್ನ ಗುರು ಅಂತಿದ್ರು. ಈಗ ಅಯ್ಯೋ ಪಾಪ ಅನ್ಸಬೇಡಿ."

ರಹೀಮಾ ಹೊರಗೆ ಬಂದು ಗಿಡವನ್ನು ಮತ್ತೆ ಮರಕ್ಕೆ ಕಟ್ಟಿದಳು. ಓಂಕಾರಮೂರ್ತಿ ಪಕ್ಕದಲ್ಲಿ ನಿಂತು ಅವಳ ಬೆರಳುಗಳನ್ನೇ ಗಮನಿಸುತ್ತಿದ್ದರು. "ಎಷ್ಟು ಚಂದ ಕಟ್ತೀರಿ. ಯಾರು ಕಲಿಸಿದ್ರು?" ಎಂದರು. ಅವಳು ಗಂಟು ಬಿಗಿಯುವ ನೆಪದಲ್ಲಿ ಮರದ ಕಡೆಗೇ ಮುಖ ಮಾಡಿ ನಿಂತಳು.

ಬಸ್ಸಿಳಿದವಳೇ ಪ್ರಸಾದನಿಗೆ ಫೋನು ಮಾಡಿದಳು. "ಆ ನಂಬರನ್ನ ವಾಪಸ್ ಸೇರಿಸು."

"ಯಾಕಕ್ಕಾ? ಯಾರದು?"

"ಹೊಸಬರು. ನನ್ ಪರಿಚಯದೋರು."

"ನಿಯಮ ಅಂತ ಒಂದು ಇದೆಯಲ್ಲ. ಅವ್ರೊಬ್ರಿಗೆ ಬಿಟ್ರೆ ಎಲ್ರೂ..."

"ಅವ್ರು ಕೇಳಿದ್ದಕ್ಕೆಲ್ಲ ನಾನು ಉತ್ರ ಕೊಡ್ತೀನಿ. ನೀವ್ಯಾರೂ ಬಾಯಿ ಹಾಕ್ಬೇಡಿ. ಆಗಲ್ಲ ಅಂದ್ರೆ ನನ್ನನ್ನೂ ತೆಗೆದುಬಿಡು ಮಾರಾಯ."

ರಹೀಮಾ ಹೀಗೆ ಹಟ ಹಿಡಿದದ್ದನ್ನು ಪ್ರಸಾದ್ ಎಂದೂ ಕಂಡಿರಲಿಲ್ಲ. "ಆಯ್ತಕ್ಕಾ, ಸೇರಿಸ್ತೀನಿ," ಎಂದ.

ಬೆಳಿಗ್ಗೆ ಅಂಗಡಿಯ ಕಸ ಗುಡಿಸುತ್ತಿದ್ದಾಗಲೇ ಫೋನು ಟಿಣ್ ಎಂದಿತು.

"ನಮಸ್ಕಾರ. ನಾನು ಹೊಸಬ. ನಿನ್ನೆ ಒಂದು ಸೀತಾಳೆ ದಂಡೆಯನ್ನು ಹಲಸಿನ ಮರಕ್ಕೆ ಕಟ್ಟಿದ್ದೇನೆ..."

ಫೋಟೋದಲ್ಲಿ ಅವಳು ಕಟ್ಟಿದ್ದ ಪಟ್ಟಿ ಅವರ ಬೆರಳಿನಿಂದ ಜೋಲುತ್ತಿತ್ತು. ರಹೀಮಾ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಒಂದೊಂದೇ ಬೇರಿನ ತುದಿ ಹುಡುಕಿದಳು. ಹಸಿರು ಎಲ್ಲೂ ಕಾಣಲಿಲ್ಲ. ಆದರೂ ಒಂದು ಆಸೆ ಅವಳನ್ನು ರಾತ್ರಿಯೆಲ್ಲ ಬಿಟ್ಟಿರಲಿಲ್ಲ. ಹಳೆಯ ಸಂದೇಶಗಳನ್ನು ಸರಿಸುತ್ತ ಹೋಗಿ ಆ ದನಿಯನ್ನು ಹುಡುಕಿ ತೆಗೆದಳು. ತನ್ನ ದನಿ ತನಗೇ ಕೇಳಿದರೆ ಮನುಷ್ಯನಿಗೆ ಗುರುತು ಸಿಗದೆ ಇರುತ್ತದೆಯೇ? ಸಿಗಲಿ ದೇವರೇ ಎಂದು ಕಳಿಸಿದಳು.

"ಹೊಸಬರಿಗೆ ನಮಸ್ಕಾರ. ಬೇರಿನ ತುದಿ ನೋಡಿ, ಹಸಿರಿದ್ರೆ ಜೀವ ಇದೆ ಅಂತ. ಹತ್ತಿ ಬಟ್ಟೇಲಿ ಕಟ್ಟಿ, ಬೇರು ಹಿಡಿಯೋ ಹೊತ್ತಿಗೆ ಅದು ತಾನೇ ಉದುರಿ ಹೋಗ್ತದೆ. ಕಟ್ಟಿದ ಮೇಲೆ ಬಿಚ್ಚಿ ನೋಡ್ಬೇಡಿ. ಮನಸ್ಸು ತಡಿಯಲ್ಲ, ನಂಗೊತ್ತು. ತಡೀದಿದ್ರೆ ಇಲ್ಲಿ ಬಂದು ಕೇಳಿ. ಎಷ್ಟು ಸಲ ಬೇಕಾದ್ರೂ ಕೇಳಿ, ಬೇಜಾರಿಲ್ಲ."

ಗುಂಪು ಒಮ್ಮೆಲೇ ಎದ್ದು ಕೂತಿತು. "ನಮ್ಮ ಗುರುಗಳ ದನಿ! ಎಷ್ಟು ದಿನ ಆಗಿತ್ತು ಕೇಳಿ." "ಎಲ್ಲಿದ್ದಾರೆ ಈಗ? ಚೆನ್ನಾಗಿದ್ದಾರಾ?" "ಅವರನ್ನು ಮತ್ತೆ ಕರೆಸಿ." ಸಾಲು ಸಾಲು ಹೂವು, ಸಾಲು ಸಾಲು ಕೈಮುಗಿದ ಚಿತ್ರ. ಅವುಗಳ ನಡುವೆ ಹೆಸರಿಲ್ಲದ ನಂಬರಿನವರು ಬರೆಯುತ್ತಿದ್ದಾರೆ ಎಂದು ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ರಹೀಮಾ ಪೊರಕೆ ಕೆಳಗಿಟ್ಟು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು.

"ಎಷ್ಟು ಸಮಾಧಾನವಾಗಿ ಹೇಳಿದ್ದಾರೆ. ಕೇಳಿ ಧೈರ್ಯ ಬಂತು. ಇವರ ನಂಬರು ಸಿಗಬಹುದೇ? ಒಮ್ಮೆ ಮಾತಾಡಬೇಕಿತ್ತು."

ಅಕ್ಷರಗಳು ಮಸುಕಾದವು. ಅವಳು ಕಣ್ಣೊರೆಸಿಕೊಂಡಳು. ಏನೋ ಬರೆದಳು, ಅಳಿಸಿದಳು, ಮತ್ತೆ ಬರೆದಳು.

"ಅವರ ಹತ್ರ ಈಗ ಆ ನಂಬರು ಇಲ್ಲ ಸಾರ್. ನನ್ನನ್ನೇ ಕೇಳಿ. ಎಷ್ಟು ಸಲ ಬೇಕಾದರೂ ಕೇಳಿ. ನಿಮ್ಮ ಗಿಡ ಬದುಕಿದೆ."

ಕಳಿಸಿ, ಮಿಷನ್ನಿನ ಕೆಳಗಿನ ಬುಟ್ಟಿಯಿಂದ ಹತ್ತಿ ಬಟ್ಟೆಯ ತುಂಡೊಂದನ್ನು ಎಳೆದುಕೊಂಡಳು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸೀಳು ಮಾಡಿ, ಎರಡು ಬೆರಳಗಲದ ಪಟ್ಟಿಗಳನ್ನು ಒಂದೊಂದಾಗಿ ಹರಿದು ತೊಡೆಯ ಮೇಲೆ ಪೇರಿಸುತ್ತ ಹೋದಳು. ಬಣಕಲ್ ಬಸ್ಸಿಗೆ ಇನ್ನೂ ಹೊತ್ತಿತ್ತು.