ತೊಳೆದ ಔಷಧಿ

ಜೇನುಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಲೋಹಿತಾ, ನೆಲದಲ್ಲಿ ತೆವಳುತ್ತಿದ್ದ ಜೇನುನೊಣವೊಂದನ್ನು ಕಡ್ಡಿಯಿಂದ ಎತ್ತಿದಳು. ರೆಕ್ಕೆ ಸುಟ್ಟ ಕಾಗದದಂತೆ ಮುದುಡಿತ್ತು. ಹೊಟ್ಟೆಯ ಪಕ್ಕಕ್ಕೆ ಸಾಸಿವೆಗಿಂತ ಚಿಕ್ಕದೊಂದು ಕೆಂಪು ನುಸಿ ಅಂಟಿಕೊಂಡಿತ್ತು. ಅದನ್ನು ಉಗುರಲ್ಲಿ ಒತ್ತಿ ಕೊಂದಳು. ಒಂದು ನುಸಿ ಕೊಂದರೆ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಕೊಂದಳು.

ಸಂಕ್ರಾಂತಿ ಕಳೆದ ಮೇಲೆ ಔಷಧಿ ಇಟ್ಟಾಗ ನುಸಿ ಉದುರಿಹೋಗಿತ್ತು. ಶಿವರಾತ್ರಿಯ ಹೊತ್ತಿಗೆ ಮತ್ತೆ ಹಾಜರು, ಅವಳ ಎರಡು ಗೂಡು ಸತ್ತೇಹೋಗಿದ್ದವು. ಎಲ್ಲಿಂದ ಬರುತ್ತದೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬದುವಿನ ಆಚೆ ಪರ್ವತಯ್ಯನ ಪೆಟ್ಟಿಗೆಗಳಿದ್ದವು. ನುಸಿ ಹತ್ತಿ ಸೊರಗಿದ ಅವನ ಗೂಡುಗಳಿಗೆ ಇವಳ ನೊಣಗಳು ನುಗ್ಗಿ ಜೇನುತುಪ್ಪ ದೋಚುತ್ತಿದ್ದವು, ಬರುವಾಗ ನುಸಿಯನ್ನೂ ಹೊತ್ತು ತರುತ್ತಿದ್ದವು. ಎರಡೂ ಕಡೆ ಒಟ್ಟಿಗೆ ಔಷಧಿ ಇಡಬೇಕು, ಅದೂ ಹೊಂಗೆ ಅರಳುವ ಮುಂಚೆ. ಅರಳಿದ ಮೇಲೆ ಇಟ್ಟರೆ ಔಷಧಿಯ ಆಸಿಡ್ಡು ಹೊಸ ತುಪ್ಪಕ್ಕೇ ಸೇರುತ್ತದೆ. ಕೊಡಿಗೇನಹಳ್ಳಿ ರಸ್ತೆಯ ಹೊಂಗೆಮರಗಳಲ್ಲಿ ಆಗಲೇ ಮೊಗ್ಗು ಕಾಣಿಸಿತ್ತು.

ಅದಕ್ಕೇ ನಿನ್ನೆ ಸಂಜೆ ರಟ್ಟಿನ ತುಂಡುಗಳನ್ನು ಆಸಿಡ್ಡಿನಲ್ಲಿ ನೆನೆಸಿ, ಡಬ್ಬಿಯಲ್ಲಿ ಮುಚ್ಚಿ, ಹೋದ ಸಲದಂತೆ ಪರ್ವತಯ್ಯನಿಗೂ ಕೊಟ್ಟು ಬಂದಿದ್ದಳು. ಕೊಟ್ಟು ಅಂದರೆ, ನೆಲದ ಮೇಲೆ ಇಟ್ಟು. ಅವಳ ಕೇರಿಯವರ ಕೈಯಿಂದ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಈಗ ಬದು ದಾಟಿ ಬಂದಳು. ತನ್ನ ಪೆಟ್ಟಿಗೆಗಳ ಹತ್ತಿರ ಮೂಗು ಉರಿಸುವ ಘಾಟು ಇತ್ತು. ಇಲ್ಲಿ ಬರೀ ಮೇಣದ ವಾಸನೆ.

ಬೇವಿನ ಮರದಡಿ ಪರ್ವತಯ್ಯನ ಹೆಂಡತಿ ಶಿವರುದ್ರಮ್ಮ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು. ಪರ್ವತಯ್ಯ ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ.

“ಪರ್ವತಯ್ಯನೋರೇ, ಔಷಧಿ ಇಡ್ಲಿಲ್ವಾ?” ಅವಳ ತಾಯಿಯಾಗಿದ್ದರೆ ‘ಸ್ವಾಮಿ’ ಅನ್ನುತ್ತಿದ್ದಳು.

“ಎಲ್ಲಾದಕ್ಕೂ ಇಟ್ಟೆ ಕಣಮ್ಮ. ಹೋದ್ಸಲಾನೂ ಇಟ್ಟಿದ್ದೆ, ಏನು ಕಿತ್ತಾಕ್ತು? ನಿನ್ನ ಔಷಧಿನೇ ಡೂಪ್ಲಿಕೇಟು.”

“ನನ್ನ ಪೆಟ್ಟಿಗೆ ಹತ್ರ ಬಂದು ಮೂಸಿ ನೋಡಿ.”

“ನಾನ್ಯಾಕೆ ಅಲ್ಲಿಗೆ ಬರ್ಲಿ?”

“ಬರ್ಬೇಡಿ ಬುಡಿ. ನಿಮ್ಮ ನುಸಿ ದಿನಾ ಬಂದು ಹೋಗ್ತಾವೆ.” ಲೋಹಿತಾ ಅವನ ಕೈಗಳನ್ನೇ ನೋಡಿದಳು. “ಗ್ಲೌಸಿಲ್ದೆ ಹೆಂಗಿಟ್ರಿ? ಬೆರಳು ಬೆಂದಿರ್ಬೇಕಿತ್ತಲ್ಲ.”

ಪರ್ವತಯ್ಯ ಕೈಗಳನ್ನು ಹಗ್ಗದ ಸುರುಳಿಯೊಳಗೆ ಎಳೆದುಕೊಂಡ. ಹುಣಸೆ ಜಜ್ಜುವ ಸದ್ದು ನಿಂತಿತು.

“ತೊಳೆದ್ರು ಕಣಮ್ಮ,” ಅಂದಳು ಶಿವರುದ್ರಮ್ಮ. “ಡಬ್ಬಿಗೆ ಒಂದು ಚೊಂಬು ನೀರು ಹುಯ್ದು, ಆ ನೀರು ಚೆಲ್ಲಿ, ಆಮೇಲೆ ಮುಟ್ಟಿದ್ರು. ಹೋದ್ಸಲಾನೂ ಅಷ್ಟೇ.”

ಲೋಹಿತಾಳ ಕಿವಿಯಲ್ಲಿ ಜೇನುಗೂಡು ಕೆದಕಿದಂಥ ಸದ್ದು. ಚಳಿಗಾಲವೆಲ್ಲ ಸಕ್ಕರೆ ಪಾಕ ಕುಡಿಸಿ ಉಳಿಸಿಕೊಂಡ ಗೂಡುಗಳು ಒಂದು ಚೊಂಬು ನೀರಿಗೆ ಸಾಯುತ್ತಿದ್ದವು.

“ನೋಡು,” ಪರ್ವತಯ್ಯ ಹಗ್ಗವನ್ನು ಪಕ್ಕಕ್ಕೆ ಸರಿಸಿದ. “ಈ ತುಪ್ಪ ದೇವರ ಅಭಿಷೇಕಕ್ಕೆ ಹೋಗೋದು. ನಮ್ಮಪ್ಪ ಅಂಗೇ ಮಾಡ್ತಿದ್ದ, ನನ್ನ ಕೈನೂ ಅಂಗೇ ಹೋಗ್ತದೆ. ನಿನ್ನ ಮೇಲೆ ನಂಗೇನೂ ದ್ವೇಷ ಇಲ್ಲ.”

“ದ್ವೇಷ ಇದ್ದಿದ್ರೆ ವಾಸಿಯಾಗಿತ್ತು. ಬೈದು ಡಬ್ಬಿ ಎಸೀತಿದ್ರಿ. ನಂಗೆ ಅವತ್ತೇ ಗೊತ್ತಾಗ್ತಿತ್ತು. ನೀವು ನಗ್ತಾ ನೆಲಕ್ಕಿಡಿಸ್ಕೊಂಡು ತೊಳೆದ್ರಿ.” ಅವಳ ದನಿ ಏರಲಿಲ್ಲ. “ನನ್ನ ಎರಡು ಗೂಡು ಸತ್ತವಲ್ಲ, ಅದ್ರ ತುಪ್ಪ ಯಾರು ಹೊತ್ಕೊಂಡು ಹೋದ್ರು ಗೊತ್ತಾ? ನಿಮ್ಮ ನೊಣ. ನಿಂತು ನೋಡಿದೀನಿ. ಆ ತುಪ್ಪನೇ ನಿಮ್ಮ ದೇವ್ರ ತಲೆ ಮೇಲೆ ಬಿತ್ತು. ಅದಕ್ಕೆಷ್ಟು ಚೊಂಬು ಹುಯ್ತೀರಿ?”

ಪರ್ವತಯ್ಯ ಮತ್ತೆ ಹಗ್ಗಕ್ಕೆ ಕೈ ಹಾಕಿದ.

ಲೋಹಿತಾ ಬದು ದಾಟಿ ಹೋದಳು. ಉಳಿದಿದ್ದ ಆಸಿಡ್ಡಿನಲ್ಲಿ ಮತ್ತೆ ರಟ್ಟು ನೆನೆಸಿ, ಗ್ಲೌಸು ತೊಟ್ಟು ಡಬ್ಬಿ ಹಿಡಿದು ವಾಪಸು ಬಂದಳು. ಡಬ್ಬಿಯನ್ನು ಅವನ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಇಟ್ಟಳು. ಗ್ಲೌಸು ಕಳಚಿ ಅವನ ಮುಂದೆ ಹಿಡಿದಳು.

“ಔಷಧಿ ಇದೇ ಕೊನೇದು. ಬರಿಗೈಲಿ ಮುಟ್ಟಿದ್ರೆ ಸುಡುತ್ತೆ. ನೆಲಕ್ಕಿಡಲ್ಲ, ಕೈಗೆ ತಗೊಳ್ಳಿ.”

ಅವನ ಕಣ್ಣು ಹೆಂಡತಿಯ ಪಕ್ಕದ ಚೊಂಬಿನತ್ತ ಹೋಯಿತು. ಶಿವರುದ್ರಮ್ಮ ಅದನ್ನು ಕಂಡಳು. ಮೊಣಕಾಲು ಹಿಡಿದು ಎದ್ದು, ಚೊಂಬಿನ ನೀರನ್ನೆಲ್ಲ ನೊಣಗಳು ಕುಡಿಯಲು ಇಟ್ಟಿದ್ದ ಕಲ್ಲುಹರಳು ತುಂಬಿದ ತಟ್ಟೆಗೆ ಸುರಿದಳು. ಖಾಲಿ ಚೊಂಬನ್ನು ಬೋರಲು ಹಾಕಿದಳು.

“ನೀರು ಮುಗೀತು,” ಅಂದಳು. “ಹಾಕ್ಕೊಳ್ರಿ. ಮೊಗ್ಗು ನಿಮಗೋಸ್ಕರ ಕಾಯ್ಕೊಂಡಿರಲ್ಲ.”

ಪರ್ವತಯ್ಯ ಗ್ಲೌಸು ತೆಗೆದುಕೊಂಡ. ಒಳಗೆ ಇನ್ನೂ ಲೋಹಿತಾಳ ಅಂಗೈಯ ಬಿಸಿ, ಬೆವರು. ಬೆರಳುಗಳು ಒಂದೊಂದಾಗಿ, ಕಷ್ಟದಿಂದ, ಒಳಗೆ ಹೋದವು. ಮುಚ್ಚಳ ತೆಗೆದು ರಟ್ಟು ಇಡುವಾಗ ಘಾಟಿಗೆ ಕೆಮ್ಮಿದ. ಕಣ್ಣಲ್ಲಿ ನೀರಿಳಿಯಿತು.

“ಮಧ್ಯಕ್ಕೆ,” ಅಂದಳು ಲೋಹಿತಾ. “ಇನ್ನೊಂದು ಚೂರು ಈಚೆಗೆ.” ಅವಳ ದವಡೆ ಬಿಗಿದೇ ಇತ್ತು.

ಕೊನೆಯ ಪೆಟ್ಟಿಗೆಯಾಯಿತು. ಗ್ಲೌಸು ಕಳಚಿ, ರೂಢಿಯಂತೆ ಅದನ್ನು ನೆಲಕ್ಕಿಡಲು ಅವನು ಬಗ್ಗಿದ.

ಲೋಹಿತಾ ಕೈ ಚಾಚಿ ನಿಂತಿದ್ದಳು. ಚಾಚಿದ ಕೈ ಹಿಂದಕ್ಕೆಳೆಯಲಿಲ್ಲ.

ಅರ್ಧ ಬಗ್ಗಿದ್ದ ಪರ್ವತಯ್ಯ ಆ ಕೈಯನ್ನು ನೋಡಿದ. ಆಮೇಲೆ ನಿಧಾನಕ್ಕೆ ಬೆನ್ನು ನೆಟ್ಟಗೆ ಮಾಡಿ, ಗ್ಲೌಸನ್ನು ಅವಳ ಕೈಗೆ ಕೊಟ್ಟ.