ಆರು ಸಲ ‘ಇಲ್ಲ’

ಬಸುರಿಯರ ಬಾಯಿ ಬಿಡಿಸುವುದರಲ್ಲಿ ನನ್ನದು ಎತ್ತಿದ ಕೈ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಹದಿನೇಳು ವರ್ಷ. ಕಿಟಕಿ ಪಕ್ಕದ ಅದೇ ಮೇಜು, ಅದೇ ಹಾಳೆ. ಅದರಲ್ಲಿ ಹನ್ನೊಂದು ಪ್ರಶ್ನೆ. ಮುಂಚೆ ಯಾವತ್ತಾದರೂ ಮನಸ್ಸಿನ ಕಾಯಿಲೆ ಬಂದಿತ್ತೇ, ಗರ್ಭ ಹೋಗಿತ್ತೇ, ಬೇಡವೆಂದಿದ್ದಾಗ ಆದ ಬಸಿರೇ, ಗಂಡ ಹೊಡೆಯುತ್ತಾನೆಯೇ, ಹಗಲೆಲ್ಲ ಒಬ್ಬಳೇ ಇರಬೇಕೇ, ಹೀಗೆ. ಮೂರು ‘ಹೌದು’ ಬಿದ್ದರೆ ಹಾಳೆಯ ಮೂಲೆಗೆ ಕೆಂಪು ಚೀಟಿ ಅಂಟಿಸುತ್ತೇವೆ. ಚೀಟಿ ಇದ್ದವಳ ಮನೆಗೆ ಹೆರಿಗೆಯಾದ ಮೇಲೆ ವಾರಕ್ಕೊಮ್ಮೆ ಒಬ್ಬ ನರ್ಸ್ ಹೋಗಿ ಒಂದು ಗಂಟೆ ಕೂತು ಬರಬೇಕು. ಇಲ್ಲದವಳು ಆರನೇ ವಾರ ತಾನೇ ಬಂದು ಮುಖ ತೋರಿಸಿದರೆ ಮುಗಿಯಿತು.

ಜೊತೆಗೆ ಬಂದ ಅತ್ತೆಯೋ ಅಮ್ಮನೋ ಎದುರಿಗೆ ಕೂತರೆ ಯಾವ ಹೆಣ್ಣೂ ಬಾಯಿ ಬಿಡುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. “ಅಮ್ಮಾ, ಹೋಗಿ ತೂಕದ ಚೀಟಿ ತಗೊಂಡ್ ಬನ್ನಿ” ಎಂದು ಅವರನ್ನು ಎಬ್ಬಿಸುತ್ತಿದ್ದೆ. ಅಂಥ ಚೀಟಿಯೇ ನಮ್ಮಲ್ಲಿಲ್ಲ. ಅವರು ಮೂರು ಕೌಂಟರ್ ಸುತ್ತಿ, ನಾಲ್ಕು ಜನರ ಹತ್ತಿರ ಬೈಸಿಕೊಂಡು ವಾಪಸಾಗುವಷ್ಟರಲ್ಲಿ ಇವಳು ಹೇಳುವುದೆಲ್ಲ ಹೇಳಿ, ಅಳುವುದೆಲ್ಲ ಅತ್ತು, ಮೂಗು ಒರೆಸಿಕೊಂಡಿರುತ್ತಿದ್ದಳು. ಈ ಜಾಣತನದ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಸ್ವಂತದವರ ಹಾಳೆಯನ್ನು ಮಾತ್ರ ನಾವು ತುಂಬುವ ಹಾಗಿಲ್ಲ. ಅದು ಪಕ್ಕದ ಮೇಜಿಗೆ ಹೋಗಬೇಕು. ಪಕ್ಕದ ಮೇಜಿನವರು ನನಗಿಂತ ಹಿರಿಯರು, ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಅನ್ನುತ್ತೇವೆ. ನನ್ನ ತಂಗಿ ಐದು ತಿಂಗಳ ಹೊಟ್ಟೆ ಹೊತ್ತುಕೊಂಡು ಬಂದ ದಿನ ಅವರು ಅಲ್ಲಿಂದಲೇ ಕೈ ಚಾಚಿದರು.

“ತಾ ಇಲ್ಲಿ, ನಿನ್ನ ತಂಗೀದು ನಾನ್ ಬರೀತೀನಿ.”

“ಬೇಡ ಬಿಡಿ ಸಿಸ್ಟರ್, ನಿಮ್ಮ ಹತ್ರ ಆಗ್ಲೇ ಎಂಟು ಜನ ಕೂತಿದಾರೆ” ಎಂದು ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ.

ಬೆಳಗ್ಗೆ ಅಮ್ಮ ಫೋನ್ ಮಾಡಿದ್ದಳು. “ಆ ದೊಡ್ಡ ಸಿಸ್ಟರ್ ಬಾಯಲ್ಲಿ ಮಾತು ನಿಲ್ಲಲ್ಲ. ಹಳೇದೆಲ್ಲ ಅಳಿಯನ ಕಿವಿಗೆ ಬಿತ್ತು ಅಂದ್ರೆ ಅವಳ ಸಂಸಾರ ಮೂರಾಬಟ್ಟೆ ಆಗತ್ತೆ. ನೀನೇ ಬರ್ಕೋ. ನೀನು ಅಲ್ಲಿರೋದು ಮತ್ತೆ ಯಾಕೆ?”

ಹಳೆಯದು ಎಂದರೆ ಇಷ್ಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ತಂಗಿ ಮೂರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಸ್ನಾನ ಬೇಡ, ಊಟ ಬೇಡ, ನಾನು ಇರೋದೇ ಬೇಡ ಎನ್ನುತ್ತಿದ್ದಳು. ಕೇಳಿದವರಿಗೆಲ್ಲ ಅಮ್ಮ ಕಾಮಾಲೆ ಎಂದಳು. ಹೇಳಿದ ಸುಳ್ಳಿಗೆ ಸರಿಯಾಗಿ ಮನೆಯಲ್ಲಿ ಎಲ್ಲರಿಗೂ ಎಣ್ಣೆ ಇಲ್ಲದ ಅಡುಗೆ ಮಾಡಿ ಹಾಕಿದಳು. ದೂರದ ಊರಿನ ಡಾಕ್ಟರರ ಮಾತ್ರೆಯನ್ನು ತಂದುಕೊಡುತ್ತಿದ್ದವಳು ನಾನೇ. ಎರಡು ವರ್ಷವಾದ ಮೇಲೆ ನನಗೂ ಅದು ಕಾಮಾಲೆಯೇ ಆಗಿಬಿಟ್ಟಿತ್ತು.

ತಂಗಿ ಎದುರಿನ ಕುರ್ಚಿಯಲ್ಲಿ ಕೂತು, “ಅಕ್ಕಾ, ನಿನಗೊಂದು ಹೇಳ್ಬೇಕು” ಎಂದಳು.

“ಆಮೇಲೆ ಹೇಳೋವಂತೆ. ಮೊದಲು ಹೋಗಿ ತೂಕದ ಚೀಟಿ ತಗೊಂಡ್ ಬಾ.”

ಹೌದು, ನನ್ನ ತಂಗಿಯನ್ನೇ ಕಳಿಸಿದೆ. ಅವಳು ಬೆನ್ನಿಗೆ ಕೈ ಕೊಟ್ಟುಕೊಂಡು ಕೌಂಟರ್ ಸುತ್ತುತ್ತಿರುವಾಗ ನಾನು ಹಾಳೆ ತುಂಬಿದೆ. ಮನಸ್ಸಿನ ಕಾಯಿಲೆ, ಇಲ್ಲ. ಹೋದ ವರ್ಷ ನಾಲ್ಕನೇ ತಿಂಗಳಲ್ಲಿ ಗರ್ಭ ಹೋಗಿದ್ದು ನನ್ನ ಕಣ್ಣೆದುರಿಗೇ, ಅದಕ್ಕೂ ಇಲ್ಲ. ಮೂರು ‘ಹೌದು’ ಬಿದ್ದರೆ ಮನೆಗೆ ನರ್ಸ್ ಹೋಗುತ್ತಾಳೆ, ಹಳೆಯದನ್ನೆಲ್ಲ ಕೆದಕುತ್ತಾಳೆ. ಒಂದು ಸುಳ್ಳು ನಿಲ್ಲಬೇಕಾದರೆ ಪಕ್ಕದಲ್ಲಿ ಇನ್ನೆರಡು ಬೇಕಾಗುತ್ತವೆ. ಅವಳ ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮೂರನೇ ಮಹಡಿಯ ಬಾಡಿಗೆ ಮನೆ ಸೇರಿ ಎರಡು ತಿಂಗಳಾಗಿಲ್ಲ, ಎದುರು ಬಾಗಿಲಿನವರ ಮುಖವೂ ಗೊತ್ತಿಲ್ಲ. ಹೊಲಿಗೆ ಕಾರ್ಖಾನೆಯವರು ಹೊಟ್ಟೆ ಕಂಡ ಕೂಡಲೇ ಕೆಲಸದಿಂದ ಬಿಡಿಸಿದ್ದಾರೆ. ಇಷ್ಟು ಬೇಗ ಇನ್ನೊಂದು ಬಸಿರು ಅವಳಿಗೆ ಬೇಕಿರಲಿಲ್ಲ. ಎಲ್ಲಕ್ಕೂ ಇಲ್ಲ. ಒಟ್ಟು ಆರು. ಬೇರೆಯವರ ಹಾಳೆಯಲ್ಲಿ ಇದನ್ನು ಕಂಡಿದ್ದರೆ ನಾನು ಚೀಟಿ ಅಂಟಿಸಿ, ಡಾಕ್ಟರಿಗೂ ಫೋನ್ ಮಾಡುತ್ತಿದ್ದೆ.

ತಂಗಿ ಏದುಸಿರು ಬಿಡುತ್ತ ವಾಪಸು ಬಂದಳು. “ಅಂಥ ಚೀಟಿನೇ ಇಲ್ವಂತಲ್ಲೇ!”

“ಬಿಡು ಹಾಗಾದ್ರೆ. ಎಲ್ಲ ಬರ್ಕೊಂಡಾಯ್ತು.”

“ಎಲ್ಲಾನೂ ಬರ್ಕೊಂಡ್ಯಾ?”

“ಎಲ್ಲಾನೂ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು, ಮೇಜಿನ ಮೇಲಿದ್ದ ನನ್ನ ಬಾಟಲಿಯ ನೀರನ್ನು ಗಟಗಟ ಕುಡಿದಳು. ಏನೋ ಹೇಳಬೇಕೆಂದವಳು ಮರೆತಳು ಅಂದುಕೊಂಡೆ. ನೆನಪು ಮಾಡಲು ಹೋಗಲಿಲ್ಲ.

ಹೆರಿಗೆ ಸಲೀಸಾಗಿಯೇ ಆಯಿತು, ಹೆಣ್ಣು ಮಗು. ಅಮ್ಮ ಹನ್ನೆರಡು ದಿನ ಇದ್ದು, ಮಂಡಿ ನೋವೆಂದು ಹೊರಟುಹೋದಳು. ನಾನು ಎರಡು ಸಲ ಹೋದೆ, ಅಕ್ಕನಾಗಿ, ಹಣ್ಣು ಹಿಡಿದುಕೊಂಡು. ಮನೆ ಕನ್ನಡಿಯಂತಿತ್ತು. ನೆಲ ಒರೆಸಿ ಒರೆಸಿ ತಂಗಿಯ ಬೆರಳುಗಳು ಬಿರಿದಿದ್ದವು. ಮಗು ಅಳುತ್ತಿತ್ತು, ಅವಳು ಬಾಗಿಲ ಚೌಕಟ್ಟು ಒರೆಸುತ್ತಿದ್ದಳು.

“ಅಕ್ಕಾ, ಇದನ್ನ ನೀನೇ ಎತ್ಕೊಂಡು ಹೋಗು. ನಿನ್ನ ಹತ್ರ ಚೆನ್ನಾಗಿರತ್ತೆ.”

“ನನಗೆ ಹೆತ್ತಿದ್ದೆರಡೇ ಸಾಕಾಗಿ ಹೋಗಿದೆ ತಾಯೀ” ಎಂದು ನಕ್ಕೆ.

ಅವಳೂ ನಕ್ಕಳು. “ನಿಮ್ಮ ಆಸ್ಪತ್ರೆಯಿಂದ ಯಾರೂ ಬರಲ್ವಾ?” ಎಂದು ಕೇಳಿದಳು.

“ನಾನು ಬಂದಿಲ್ವೇನೇ? ನಾನೇನು ಆಸ್ಪತ್ರೆಯವಳಲ್ವಾ?”

ಮಗುವನ್ನು ನೀನೇ ಎತ್ಕೊಂಡು ಹೋಗು ಎಂಬ ಮಾತನ್ನು ಬೇರೆ ಯಾವುದಾದರೂ ಹುಡುಗಿ ನನ್ನ ಮೇಜಿನ ಮುಂದೆ ಆಡಿದ್ದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ತಂಗಿ ಆಡಿದ್ದಕ್ಕೆ ಹಣ್ಣು ಹೆಚ್ಚಿಕೊಟ್ಟು ಬಸ್ಸು ಹಿಡಿದೆ.

ಐದನೇ ವಾರ, ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ತಂಗಿ ಆಸ್ಪತ್ರೆಗೆ ಬಂದಳು. ನಾನು ಒಳಗೆ ಚುಚ್ಚುಮದ್ದಿನ ಕೋಣೆಯಲ್ಲಿದ್ದೆ. ಮಗುವನ್ನು ದೊಡ್ಡ ಸಿಸ್ಟರ್ ಕೈಗೆ ಕೊಟ್ಟು, ತೂಕ ನೋಡಿ, ಈಗ ಬಂದೆ ಎಂದು ಹೇಳಿ ಹೋದಳಂತೆ. ಮಗುವಿಗೆ ಹೊಸ ಬಟ್ಟೆ ಹಾಕಿದ್ದಳು. ಅರ್ಧ ಗಂಟೆಯಾದರೂ ಬರಲಿಲ್ಲ. ಆಸ್ಪತ್ರೆಯ ಹಿಂದಿನ ಕಾಲುವೆಯ ಹತ್ತಿರ ಪೈಪು ಹೂಳುತ್ತಿದ್ದ ಕೆಲಸಗಾರರು ಅವಳನ್ನು ನೀರಿನಿಂದ ಎಳೆದುಹಾಕಿದರು.

ಜೀವ ಉಳಿಯಿತು. ಎರಡನೇ ದಿನ ಕಣ್ಣು ಬಿಟ್ಟಳು, ಮಾತಿಲ್ಲ. ಮನೋರೋಗದ ಡಾಕ್ಟರಮ್ಮ ವಾರ್ಡಿನ ಹೊರಗೆ ನಮ್ಮನ್ನು ನಿಲ್ಲಿಸಿಕೊಂಡರು. ಕೈಯಲ್ಲಿ ನಾನು ತುಂಬಿದ ಹಾಳೆಯಿತ್ತು.

“ಇದರಲ್ಲಿ ಏನೂ ಇಲ್ಲ. ಜಾರಿ ಬಿದ್ದಳು ಅಂತ ತಾಯಿಯವರು ಹೇಳ್ತಿದಾರೆ. ಅಷ್ಟೇ ಆಗಿದ್ರೆ ನಾಳೆ ಮನೆಗೆ ಕಳಿಸ್ತೀನಿ. ಹಿಂದೆ ಏನಾದರೂ ಆಗಿತ್ತಾ?”

“ಏನೂ ಇಲ್ಲಮ್ಮ. ಒಂದ್ಸಲ ಕಾಮಾಲೆ ಆಗಿತ್ತು” ಎಂದಳು ಅಮ್ಮ, ನನ್ನ ಮಣಿಕಟ್ಟನ್ನು ಹಿಡಿದು ಒತ್ತುತ್ತ.

ತಂಗಿಯ ಗಂಡ ಎದುರಿಗೇ ನಿಂತಿದ್ದ. ನಾನೂರು ಮೈಲಿ ಒಂದೇ ಸಮನೆ ಓಡಿಸಿಕೊಂಡು ಬಂದವನು, ಕಣ್ಣು ಕೆಂಡದ ಹಾಗಿತ್ತು. ನಾಳೆ ಅವಳು ಆ ಮೂರನೇ ಮಹಡಿಗೆ ವಾಪಸು ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಕೈ ಬಿಡಿಸಿಕೊಂಡೆ.

“ಕಾಮಾಲೆ ಅಲ್ಲ ಡಾಕ್ಟ್ರೇ. ಹತ್ತೊಂಬತ್ತರಲ್ಲಿ ಇದೇ ಕಾಯಿಲೆ ಬಂದಿತ್ತು. ಸಾಯ್ತೀನಿ ಅಂತಿದ್ಲು. ಈ ಹಾಳೆ ತುಂಬಿದವಳು ನಾನು. ಇದರಲ್ಲಿ ಆರು ಸುಳ್ಳಿದೆ.”

ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಬೆಂಚಿನ ಮೇಲೆ ಕುಸಿದಳು. ಡಾಕ್ಟರಮ್ಮ ಏನೂ ಬೈಯಲಿಲ್ಲ, ಬರೆದುಕೊಂಡು ಒಳಗೆ ಹೋದರು. ನಾನು ಅವನ ಕಡೆ ತಿರುಗಿದೆ. ಕೂಗಾಡಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ನಿಂತೆ.

“ನಂಗೊತ್ತಿತ್ತು ಅತ್ತಿಗೆ” ಎಂದ. “ಮದುವೆಗೆ ಮುಂಚೆ ಅವಳೇ ಹೇಳಿದ್ಲು. ಆವತ್ತು ಈ ಹಾಳೆ ಬರೆಸಿ ಮನೆಗೆ ಬಂದು, ಅಕ್ಕ ಎಲ್ಲಾನೂ ಬರ್ಕೊಂಡಿದಾಳೆ, ಹೆರಿಗೆ ಆದ್ಮೇಲೆ ವಾರ ವಾರ ಯಾರಾದ್ರೂ ಬರ್ತಾರೆ ಅಂದ್ಲು. ಅದನ್ನ ನಂಬಿಕೊಂಡೇ ನಾನು ಲಾರಿ ಹತ್ತಿದ್ದು.”

ಅವನು ಮುಖ ಒರೆಸಿಕೊಂಡ.

“ಹೋದ ವಾರ ಫೋನಲ್ಲಿ ಅತ್ಲು. ಎಲ್ಲ ಗೊತ್ತಿದ್ದೂ ಯಾರೂ ಬರ್ತಿಲ್ಲ, ಅಂದ್ರೆ ನಂಗೆ ಕಾಯಿಲೆ ಇಲ್ಲ, ನಾನೇ ಕೆಟ್ಟ ತಾಯಿ ಅಂದ್ಲು.”